ನಿಮಗಿದು ಗೊತ್ತೇ? ಹೈಸ್ಕೂಲಿನಲ್ಲೇ ‘ಮಿಸ್ಟರ್ ಬಾಸ್ಕೆಟ್‌ಬಾಲ್’!

ಅಮೆರಿಕದ ಇಂಡಿಯಾನ ರಾಜ್ಯಕ್ಕೆ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಅಂದರೆ ಹುಚ್ಚು. ಎಂಥ ಹುಚ್ಚು ಅಂತೀರಿ? ಇಡೀ ರಾಜ್ಯಕ್ಕೆ ಅತ್ಯುತ್ತಮ ಹುಡುಗ ಯಾರು ಅಂತ 1939ರಿಂದ ವರ್ಷ ವರ್ಷ ಆರಿಸುತ್ತಲೇ ಇದ್ದಾರೆ. ಗೆದ್ದವನಿಗೆ ‘ಮಿಸ್ಟರ್ ಬಾಸ್ಕೆಟ್‌ಬಾಲ್’ ಅಂತ ಬಿರುದು. ಪಕ್ಕದ ಕೆಂಟಕಿ ರಾಜ್ಯದ ಮೇಲೆ ಆಡುವಾಗ 1ನೇ ನಂಬರಿನ ಜೆರ್ಸಿ ಅವನಿಗೇ ಮೀಸಲು!

ಮೊಟ್ಟಮೊದಲ ಮಿಸ್ಟರ್ ಬಾಸ್ಕೆಟ್‌ಬಾಲ್ ಜಾರ್ಜ್ ಕ್ರೋ. ಈತ ಮುಂದೆ ಹೆಸರು ಮಾಡಿದ್ದು ಯಾವ ಆಟದಲ್ಲಿ ಹೇಳಿ ನೋಡೋಣ. ಬೇಸ್‌ಬಾಲ್‌ನಲ್ಲಿ! 1957ರಲ್ಲಿ ಸಿನ್ಸಿನಾಟಿ ತಂಡಕ್ಕೆ 31 ಹೋಮ್ ರನ್ ಬಾರಿಸಿದ. ಇವನ ಅಣ್ಣ ತಮ್ಮಂದಿರಲ್ಲೊಬ್ಬ ರೇ ಕ್ರೋ. ಆತ ಬಾಸ್ಕೆಟ್‌ಬಾಲ್ ಕೋಚ್ ಆದ. ಆತನ ಕೈಯಲ್ಲಿ ಪಳಗಿದ ಆಸ್ಕರ್ ರಾಬರ್ಟ್‌ಸನ್ 1956ರಲ್ಲಿ ಅದೇ ಪಟ್ಟ ಗೆದ್ದ. ಜಾರ್ಜ್ ಗೆದ್ದ ಬಿರುದು ಸೋದರನ ಶಿಷ್ಯನಿಗೂ ಬಂತು, ನೋಡಿ!

ಈಗ ಈ ಪಟ್ಟದ ಆಸೆ ಹೊತ್ತ ಫಾರ್ವರ್ಡ್‌ಗಳ ಕಡೆ ಬರೋಣ. ಅಂಕಣದಲ್ಲಿರುವ ಒಂದು ತಂಡದ ಐದು ಜನರಲ್ಲಿ ಸಾಮಾನ್ಯವಾಗಿ ಇಬ್ಬರು ಫಾರ್ವರ್ಡ್‌ಗಳು. ದೂರದಿಂದ ಬುಟ್ಟಿಗೆ ಹಾಕಲೂ ಬೇಕು, ಬುಟ್ಟಿಯ ಕೆಳಗೆ ನುಗ್ಗಿ ಪುಟಿದು ಬಂದ ಚೆಂಡನ್ನು, ಅಂದರೆ ರೀಬೌಂಡ್, ಕಿತ್ತುಕೊಳ್ಳಲೂ ಬೇಕು. ಹಾಗಾಗಿ ಇವರಲ್ಲಿ ಯಾರು ಮೇಲು, ಯಾರು ಕಡಿಮೆ ಅಂತ ಹೇಳುವುದೇ ತಲೆನೋವು.

ಆ ಇಬ್ಬರು ಅವಳಿ ಜವಳಿಗಳಾದರೆ? 1961ರಲ್ಲಿ ಆಗಿದ್ದು ಅದೇ. ಇಂಡಿಯಾನಾಪೊಲಿಸ್‌ನ ಒಂದೇ ಶಾಲೆಯ ಟಾಮ್ ಮತ್ತು ಡಿಕ್ ವ್ಯಾನ್ ಆರ್ಸ್‌ಡೇಲ್. ಒಂದೇ ಮುಖ, ಒಂದೇ ಎತ್ತರ, ಆಟವೂ ಒಂದೇ! ಆರಿಸುವವರು ಸೋತು ಬಿರುದನ್ನು ಇಬ್ಬರಿಗೂ ಹಂಚಿದರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಇಬ್ಬರೂ ಒಂದೇ ಕಾಲೇಜು ಸೇರಿದರು. 1965ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸುವಾಗ ಡಿಕ್ 10ನೆಯವನು, ಟಾಮ್ 11ನೆಯವನು! ಡಿಕ್ ಮೂರು ಸಲ ಆಲ್‌ಸ್ಟಾರ್ ಆದ. ಟಾಮ್? ಅವನೂ ಮೂರೇ ಸಲ! ಕೊನೆಯ ವರ್ಷ ಇಬ್ಬರೂ ಫೀನಿಕ್ಸ್ ತಂಡದಲ್ಲಿ ಜೊತೆಯಾಗಿ ಆಡಿ 1977ರಲ್ಲಿ ಜೊತೆಯಾಗೇ ನಿವೃತ್ತರಾದರು. ಇದನ್ನು ಯಾರಾದರೂ ಸಿನಿಮಾದಲ್ಲಿ ತೋರಿಸಿದ್ದರೆ ‘ಏನಪ್ಪಾ, ಅತಿಯಾಯ್ತು’ ಅನ್ನುತ್ತಿದ್ದೆವು.

ಅವಳಿಗಳೇ ಹೆಚ್ಚು ಅಂದುಕೊಂಡಿರಾ? ವಾಷಿಂಗ್ಟನ್ ಅನ್ನುವ ಊರಿದೆ. ರಾಜಧಾನಿ ಅಲ್ಲ, ಇಂಡಿಯಾನದ ಚಿಕ್ಕ ಊರು. ಅಲ್ಲಿನ ಜೆಲ್ಲರ್ ಮನೆಗೆ ಈ ಪಟ್ಟ ಮೂರು ಸಲ ಬಂತು. ಲ್ಯೂಕ್‌ಗೆ 2005ರಲ್ಲಿ, ಟೈಲರ್‌ಗೆ 2008ರಲ್ಲಿ, ಕೋಡಿಗೆ 2011ರಲ್ಲಿ. ಸರಿಯಾಗಿ ಮೂರು ವರ್ಷಕ್ಕೊಮ್ಮೆ! ಮೂವರೂ ಏಳು ಅಡಿಯ ಆಸುಪಾಸು. ಆ ಮನೆಯ ಬಾಗಿಲು ಎಷ್ಟು ಎತ್ತರವೋ!

ಹಾಗಾದರೆ ಇಂಡಿಯಾನದ ಅತಿ ದೊಡ್ಡ ಫಾರ್ವರ್ಡ್ ಲ್ಯಾರಿ ಬರ್ಡ್‌ಗೆ ಈ ಬಿರುದು ಯಾವ ವರ್ಷ ಬಂತು? ಬರಲೇ ಇಲ್ಲ! ಫ್ರೆಂಚ್ ಲಿಕ್ ಅನ್ನುವ ಪುಟ್ಟ ಊರಿನ ಹುಡುಗ. ಹೈಸ್ಕೂಲಿನ ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 30 ಪಾಯಿಂಟ್ ದಾಟಿಸಿದ್ದ. 1974ರಲ್ಲಿ ಬಿರುದನ್ನು ಇಬ್ಬರಿಗೆ ಹಂಚಿದರು. ಆ ಇಬ್ಬರಲ್ಲಿ ಬರ್ಡ್ ಇಲ್ಲ!

ಮುಂದೇನಾಯಿತು ಕೇಳಿ. ದೊಡ್ಡ ವಿಶ್ವವಿದ್ಯಾಲಯ ಸೇರಿದ. ಆ ಜನಜಂಗುಳಿ ಹಿಡಿಸದೆ ತಿಂಗಳೊಳಗೆ ಊರಿಗೆ ವಾಪಸ್. ಊರಲ್ಲಿ ಕಸದ ಲಾರಿಯ ಕೆಲಸಕ್ಕೂ ಸೇರಿದ. ಆಮೇಲೆ ಬೇರೆ ಕಾಲೇಜಿಗೆ ಹೋಗಿ ಮತ್ತೆ ಚೆಂಡು ಹಿಡಿದ. 1984, 1985, 1986. ಮೂರು ವರ್ಷ ಸತತವಾಗಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರ!

ಇಂಡಿಯಾನದ ಹುಚ್ಚಿಗೆ ಮತ್ತೆ ಬರೋಣ. ಅಲ್ಲಿನ ನ್ಯೂ ಕಾಸಲ್ ಊರಿನ ಹೈಸ್ಕೂಲ್ ಜಿಮ್‌ನಲ್ಲಿ ಸಾವಿರಾರು ಜನ ಕೂರಬಹುದು. ಊರಿನ ಹೆಚ್ಚುಕಡಿಮೆ ಅರ್ಧ ಜನ ಒಳಗೇ ಹಿಡಿಸುತ್ತಾರೆ!

ಇಂಡಿಯಾನದ 1990ರ ಹೈಸ್ಕೂಲ್ ಫೈನಲ್ ನೋಡಲು ಬಂದವರು 41,046 ಜನ. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಪೂರ್ತಿ ತುಂಬಿದರೂ ಇನ್ನಷ್ಟು ಜನ ಹೊರಗೇ ನಿಲ್ಲಬೇಕಿತ್ತು. ಎಲ್ಲರೂ ಬಂದಿದ್ದು ಮುಖ್ಯವಾಗಿ ಡೇಮನ್ ಬೈಲಿ ಅನ್ನುವ ಹುಡುಗನಿಗಾಗಿ. ಅವನು ಫಾರ್ವರ್ಡ್ ಅಲ್ಲ, ಚೆಂಡು ಪುಟಿಸುತ್ತಾ ಆಟ ಕಟ್ಟುವ ಗಾರ್ಡ್. ಆದರೂ ಇಂಥ ಸುದ್ದಿ ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತದೆಯೇ?

ಇಂಥ ಬಿರುದು ಬೇರೆ ರಾಜ್ಯಗಳಲ್ಲೂ ಇದೆ. ಒಬ್ಬನೇ ಹುಡುಗ ಎರಡು ರಾಜ್ಯಗಳ ಮಿಸ್ಟರ್ ಬಾಸ್ಕೆಟ್‌ಬಾಲ್ ಆಗಬಹುದೇ? ಆಗಿದ್ದಾನೆ! ಫಾರ್ವರ್ಡ್ ಕೆವಿನ್ ಗಾರ್ನೆಟ್. 1994ರಲ್ಲಿ ಸೌತ್ ಕೆರೊಲಿನದ ಬಿರುದು. ಶಾಲೆ ಬದಲಿಸಿ ಶಿಕಾಗೋಗೆ ಬಂದ. 1995ರಲ್ಲಿ ಇಲಿನಾಯ್ ರಾಜ್ಯದ್ದೂ ಅವನಿಗೇ. ಅದೇ ವರ್ಷ ಕಾಲೇಜಿನ ಮೆಟ್ಟಿಲೂ ಹತ್ತದೆ ಸೀದಾ ಎನ್‌ಬಿಎಗೆ!

ಓಹಾಯೊದ ಲೆಬ್ರಾನ್ ಜೇಮ್ಸ್ ಎರಡು ರಾಜ್ಯ ಸುತ್ತಲಿಲ್ಲ. ಒಂದೇ ರಾಜ್ಯದ ಬಿರುದನ್ನು 2001, 2002, 2003, ಹೀಗೆ ಮೂರು ವರ್ಷ ಬಿಡಲೇ ಇಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟಕ್ಕೂ ಬಂದ. ಕೊನೆಯ ವರ್ಷ ಅಂಗಡಿಯೊಂದು ಕೊಟ್ಟ ಎರಡು ಜೆರ್ಸಿ ತೆಗೆದುಕೊಂಡಿದ್ದಕ್ಕೆ ಅಮಾನತಾದ, ತಂಡ ಒಂದು ಗೆಲುವನ್ನೂ ಕಳೆದುಕೊಂಡಿತು. ಪಟ್ಟ ಮಾತ್ರ ತಪ್ಪಲಿಲ್ಲ!

ಹದಿಹರೆಯದ ಆಟಗಾರರಲ್ಲಿ ಯಾರು ಮೇಲು ಅಂತ ಪಟ್ಟಿ ಮಾಡುವವರಿಗೆ ದೊಡ್ಡ ಶತ್ರು ಯಾರು ಗೊತ್ತೇ? ಹುಡುಗರ ಎಲುಬು! ಶಿಕಾಗೋದ ಆಂಥನಿ ಡೇವಿಸ್ ಹೈಸ್ಕೂಲಿನಲ್ಲಿ ಮೊದಲು ಗಾರ್ಡ್ ಆಗಿದ್ದ. ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದ್ದು ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ಒಂದೇ. ಇದ್ದಕ್ಕಿದ್ದಂತೆ ಬೆಳೆಯತೊಡಗಿದ ನೋಡಿ! ಒಂದೂವರೆ ವರ್ಷದಲ್ಲಿ ಸುಮಾರು ಎಂಟು ಇಂಚು. ಕೈಯಲ್ಲಿ ಗಾರ್ಡ್‌ನ ಚಳಕ, ಮೈ ಮಾತ್ರ ಫಾರ್ವರ್ಡ್‌ನದು. ಎಲ್ಲೂ ಹೆಸರಿಲ್ಲದವನು ಕೆಲವು ಪಟ್ಟಿಗಳಲ್ಲಿ ದೇಶಕ್ಕೇ ನಂಬರ್ 1 ಆದ.

ಆದರೂ 2011ರ ಇಲಿನಾಯ್ ಬಿರುದು ಸಿಕ್ಕಿದ್ದು ಇನ್ನೊಬ್ಬನಿಗೆ! ಮರುವರ್ಷ ಡೇವಿಸ್ ಕಾಲೇಜು ಚಾಂಪಿಯನ್ ಆದ, ಎನ್‌ಬಿಎಗೆ ಮೊದಲನೆಯವನಾಗಿ ಆಯ್ಕೆಯಾದ, ಲಂಡನ್ ಒಲಿಂಪಿಕ್ಸ್ ಚಿನ್ನವನ್ನೂ ತಂದ. ಎಲ್ಲ ಒಂದೇ ವರ್ಷದಲ್ಲಿ!

ಇನ್ನು ಸ್ಕಾಟಿ ಪಿಪ್ಪೆನ್. ಆರ್ಕನ್ಸಾ ರಾಜ್ಯದ ಹ್ಯಾಂಬರ್ಗ್ ಊರಿನವನು. ಹೈಸ್ಕೂಲ್ ಮುಗಿದಾಗ ಆರಡಿ ಒಂದಿಂಚು. ಯಾವ ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಕಾಲೇಜು ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಕೆಲಸದಿಂದ ಶುರು ಮಾಡಿದ. ಅಲ್ಲೇ ಅರ್ಧ ಅಡಿಗೂ ಹೆಚ್ಚು ಬೆಳೆದ. ಮುಂದೆ ಶಿಕಾಗೋ ಬುಲ್ಸ್‌ಗೆ ಆರು ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಫಾರ್ವರ್ಡ್ ಇವನೇ!

ಬರೀ ಹುಡುಗರ ಸುದ್ದಿಯೇ ಆಯಿತು. ಕ್ಯಾಲಿಫೋರ್ನಿಯದ ರಿವರ್‌ಸೈಡ್‌ಗೆ ಹೋಗೋಣ ಬನ್ನಿ. 1982ರ ಒಂದು ರಾತ್ರಿ. ರೆಜ್ಜಿ ಮಿಲ್ಲರ್ ಕುಣಿಯುತ್ತಾ ಮನೆಗೆ ಬಂದ. ಹೈಸ್ಕೂಲ್ ಪಂದ್ಯದಲ್ಲಿ 39 ಪಾಯಿಂಟ್ ಹೊಡೆದಿದ್ದ. ಎದೆಯುಬ್ಬಿಸಿ ಅಕ್ಕನಿಗೆ ಹೇಳಿದ. ನೀನೆಷ್ಟು ಹೊಡೆದೆ ಅಂತ ಕೇಳಿಯೂಬಿಟ್ಟ. ಅಕ್ಕ ಶೆರಿಲ್ ಫಾರ್ವರ್ಡ್. ಅವಳೂ ಆವತ್ತೇ ತನ್ನ ಶಾಲೆಗೆ ಆಡಿದ್ದಳು. ಅವಳ ಲೆಕ್ಕ 105! ಪಾಪ ರೆಜ್ಜಿ. ಬಾಸ್ಕೆಟ್‌ಬಾಲ್ ಇತಿಹಾಸದಲ್ಲೇ ದೊಡ್ಡ ಹೆಸರಾಗುವ ಹುಡುಗನಿಗೆ ಸ್ವಂತ ಮನೆಯಲ್ಲೇ ಎರಡನೇ ಸ್ಥಾನ!

ಆ ದಿನ ಯಾವುದು ಗೊತ್ತೇ? ಜನವರಿ 26! ನಮ್ಮ ಗಣರಾಜ್ಯೋತ್ಸವ. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ವೆಸ್ಟ್ ವರ್ಜೀನಿಯದ ಬರ್ನ್ಸ್‌ವಿಲ್ ಹೈಸ್ಕೂಲಿನ ಡ್ಯಾನಿ ಹೀಟರ್ 1960ರಲ್ಲಿ ಒಂದೇ ಪಂದ್ಯದಲ್ಲಿ 135 ಪಾಯಿಂಟ್ ಹೊಡೆದ. ಅದೂ ಜನವರಿ 26ರಂದೇ! ಆಟದ ಅವಧಿ 32 ನಿಮಿಷ. ಅಂದರೆ ನಿಮಿಷಕ್ಕೆ ನಾಲ್ಕು ಪಾಯಿಂಟಿಗೂ ಹೆಚ್ಚು. ಮೂರು ಪಾಯಿಂಟಿನ ಗೆರೆ ಆಗಿನ್ನೂ ಅಲ್ಲಿ ಬಂದೇ ಇರಲಿಲ್ಲ. ಎದುರಾಳಿ ತಂಡ? ಎಲ್ಲರೂ ಸೇರಿ 43!