ಮೈಸೂರಿನಿಂದ ಹುಬ್ಬಳ್ಳಿ: ವಿಮಾನಕ್ಕೆಷ್ಟು ಹೊತ್ತು, ನಿಮಗೆಷ್ಟು ಹೊತ್ತು?

ಬಿಂಡಿಗನವಿಲೆ ಗರುಡನ ಊರು. ಅಲ್ಲಿನ ರೈತರೊಬ್ಬರಿಗೆ ಈಚೆಗೆ ತಾವೂ ಹಾರುವ ಯೋಚನೆ ಬಂತು. ಮಗಳನ್ನು ಧಾರವಾಡದ ಕಡೆಗೆ ಕೊಟ್ಟಿದ್ದಾರೆ; ಆಕೆಗೆ ದಿನ ತುಂಬುತ್ತಿದೆ. “ವಿಮಾನದಲ್ಲಿ ಹುಬ್ಬಳ್ಳಿಗೆ ಒಂದೇ ಗಂಟೆಯಂತೆ. ಎರಡು ಕುರಿ ಮಾರಿ ಇಬ್ಬರೂ ಹೋಗಿಬಿಡೋಣವೇ ಸ್ವಾಮಿ?” ಎಂದು ಕೇಳಿದರು. ಕುರಿ ಮಾರುವ ಮುಂಚೆ ಲೆಕ್ಕ ಹಾಕೋಣ ಎಂದೆ. ತಾವೂ ಹಾಕಿ ನೋಡಿ.

ಭೂಪಟದಲ್ಲಿ ಮೈಸೂರಿನ ಮಂಡಕಳ್ಳಿಯಿಂದ ಹುಬ್ಬಳ್ಳಿ ನಿಲ್ದಾಣ ಉತ್ತರಕ್ಕೆ 3.1 ಡಿಗ್ರಿ, ಪಶ್ಚಿಮಕ್ಕೆ ಒಂದೂವರೆ ಡಿಗ್ರಿಯ ಮೇಲೆ ಸ್ವಲ್ಪ. ಉತ್ತರಕ್ಕೆ ಡಿಗ್ರಿಗೆ ಸುಮಾರು 111 ಕಿಲೋಮೀಟರ್, ನಮ್ಮ ಸೀಮೆಯಲ್ಲಿ ಪಶ್ಚಿಮಕ್ಕೆ ಸುಮಾರು 108. ಅಂದರೆ ಉತ್ತರಕ್ಕೆ 346, ಪಶ್ಚಿಮಕ್ಕೆ 169. ಚೌಕಟ್ಟಾದ ಹೊಲದ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದಂತೆ ಅಳೆದರೆ ಸುಮಾರು 385 ಕಿಲೋಮೀಟರ್. ರಸ್ತೆಯಲ್ಲಿ ಇದು ನಾನೂರು ಮೀರುತ್ತದೆ.

ಇಂಥ ಊರುಗಳ ನಡುವೆ ಓಡುವ ಎ.ಟಿ.ಆರ್. ಎಂಬ ರೆಕ್ಕೆಪಂಖದ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಬರಿಯ ಭಾಗಾಕಾರದಲ್ಲಿ 46 ನಿಮಿಷ. ಆದರೆ ಏರುವಾಗ ಇಳಿಯುವಾಗ ಆ ವೇಗ ಇರದು, ನೆಲದ ಮೇಲೆ ಓಡಾಡುವುದೂ ಉಂಟು. ಒಂದೂಕಾಲು ಗಂಟೆ ಎನ್ನಿ.

ಇನ್ನು ನಮ್ಮ ಲೆಕ್ಕ. ಹುಬ್ಬಳ್ಳಿ ಉತ್ತರಕ್ಕಿದೆ, ವಿಮಾನ ಹತ್ತಲು ನಾಗಮಂಗಲ ದಾಟಿ ದಕ್ಷಿಣಕ್ಕೆ ಮೈಸೂರನ್ನೂ ಮೀರಿ ಹೋಗಬೇಕು! ಬಸ್ಸು ಬದಲಾಯಿಸಿ ಸೇರಲು ಎರಡೂವರೆ ಗಂಟೆಯಾದರೂ ಬೇಕು. ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಇಳಿದು ಸಾಮಾನು ಪಡೆದು ಹುಬ್ಬಳ್ಳಿ ಪೇಟೆ ಸೇರಲು ಮುಕ್ಕಾಲು ಗಂಟೆ. ಒಟ್ಟು ಆರು ಗಂಟೆ. ಬೆಂಗಳೂರಿನಿಂದ ಹೊರಡೋಣವೆಂದರೆ, 2008ರಿಂದ ಅಲ್ಲಿನ ನಿಲ್ದಾಣವೂ ದೇವನಹಳ್ಳಿ ಬಳಿ ಸೇರಿಕೊಂಡಿದೆ.

ಅರಸೀಕೆರೆಗೆ ಹೋಗಿ ರೈಲು ಹಿಡಿದರೋ? ದಾರಿಯಲ್ಲಿ ಎರಡು ಗಂಟೆ, ಸ್ಟೇಷನ್ನಿನಲ್ಲಿ ಅರ್ಧ, ರೈಲಿನಲ್ಲಿ ಐದಾರು ಗಂಟೆ. ಅಬ್ಬಬ್ಬಾ ಎಂದರೆ ಎಂಟೂವರೆ. ಉಳಿತಾಯ ಎರಡು ಎರಡೂವರೆ ಗಂಟೆ ಮಾತ್ರ, ಅದೂ ಆ ದಿನ ವಿಮಾನವಿದ್ದರೆ.

ಈ ‘ಇದ್ದರೆ’ ಸಣ್ಣದಲ್ಲ. ಮಂಡಕಳ್ಳಿಯಿಂದ 2010ರಲ್ಲಿ ಬೆಂಗಳೂರಿಗೆ ಆರಂಭವಾದ ವಿಮಾನ ಮರುವರ್ಷವೇ ನಿಂತಿತು. 2016ರಲ್ಲಿ ಬಂದ ಉಡಾನ್ ಯೋಜನೆಯಲ್ಲಿ ಸಣ್ಣ ಊರುಗಳ ಹಾರಾಟಕ್ಕೆ ಸರ್ಕಾರ ಮೂರು ವರ್ಷ ನಷ್ಟ ತುಂಬಿಕೊಡುತ್ತದೆ. ಆಮೇಲೆ ಎಷ್ಟೋ ಮಾರ್ಗಗಳು ನಿಂತಿವೆ. ಆದ್ದರಿಂದ ಹೋದ ವರ್ಷ ಯಾರೋ ಹೋಗಿಬಂದರೆಂದು ಹೊರಡಬೇಡಿ. ಆ ವಾರದ ವೇಳಾಪಟ್ಟಿ ಕೇಳಿ ತಿಳಿಯಿರಿ.

ಇನ್ನೊಂದು ಮಾತು ತೆಂಗಿನ ಸೀಮೆಯವರಿಗೆ. ಬಾಣಂತಿಗೆಂದು ಒಣಕೊಬ್ಬರಿ ಕಟ್ಟಿಕೊಂಡು ಹೋಗುವವರಿದ್ದೀರಿ. ಎಣ್ಣೆಯಂಶ ಹೆಚ್ಚಾದ್ದರಿಂದ ವಿಮಾನದವರು ಅದನ್ನು ಬೆಂಕಿ ಹತ್ತುವ ಸರಕೆಂದು ಎಣಿಸುತ್ತಾರೆ. ಇಡಿ ಕೊಬ್ಬರಿ ಅಲ್ಲೇ ಉಳಿದೀತು.

ಈ ಕೊಬ್ಬರಿ ಮಾತು ಕೇಳಿ ರೈತರ ಮನೆಯವರು ಒಳಗಿನಿಂದಲೇ “ಹಂಗಾದ್ರೆ ರೈಲೇ ಸರಿ” ಎಂದರು. ಮರುದಿನ ಬೆಳಗಿನ ಹಾಲು ಡೈರಿಗೆ ಹಾಕಿ ಅರಸೀಕೆರೆಗೆ ಹೊರಟರು. ಸಂಜೆ ಹಾಲು ಕರೆಯುವ ಕೆಲಸ ತಮ್ಮನ ಪಾಲಿಗೆ ಬಂತು.