ಕಾರಣ ಮತ್ತು ಮುನ್ಸೂಚನೆ: ಕಾಂಟ್ ತತ್ತ್ವಕ್ಕೆ ಕ್ವಾಂಟಂ ಸವಾಲು

ಸೀಸ-214 ಒಂದು ವಿಕಿರಣಪಟು ಐಸೊಟೋಪ್. ಅದರ ಅರ್ಧಾಯು ಸುಮಾರು 27 ನಿಮಿಷ. ಈಗ ಒಂದು ಕೋಟಿ ಪರಮಾಣುಗಳಿದ್ದರೆ, 27 ನಿಮಿಷಗಳ ನಂತರ ಸುಮಾರು ಅರ್ಧ ಕೋಟಿ ಉಳಿದಿರುತ್ತವೆ. ಇವುಗಳಲ್ಲಿ ಒಂದೇ ಒಂದು ಪರಮಾಣುವನ್ನು ಗಮನಿಸೋಣ. ಅದು ಯಾವ ಕ್ಷಣದಲ್ಲಿ ಎಲೆಕ್ಟ್ರಾನನ್ನು ಹೊರಸೂಸುತ್ತದೆ? ಕ್ವಾಂಟಂ ಭೌತವಿಜ್ಞಾನ ಸಂಭವನೀಯತೆಯನ್ನಷ್ಟೇ ತಿಳಿಸುತ್ತದೆ. ಹಾಗಾದರೆ ಆ ಕ್ಷಣದ ಘಟನೆಗೆ ಕಾರಣವೇ ಇಲ್ಲವೆ?

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1781ರ ತಮ್ಮ ಗ್ರಂಥದಲ್ಲಿ, ಕಾರ್ಯಕಾರಣ ಸಂಬಂಧ ಅನುಭವದಿಂದ ಕಲಿತದ್ದಲ್ಲ, ಅನುಭವ ಸಾಧ್ಯವಾಗಲು ಮೊದಲೇ ಬೇಕಾದ ಚೌಕಟ್ಟು ಎಂದು ವಾದಿಸಿದ್ದರು. ಇದು ನಿಜವಾದರೆ ಯಾವ ಪ್ರಯೋಗವೂ ಅದನ್ನು ಅಲ್ಲಗಳೆಯಲಾರದು. ಆದರೆ 1927ರಲ್ಲಿ ಅನಿಶ್ಚಿತತಾ ತತ್ತ್ವವನ್ನು ಮಂಡಿಸಿದ ವರ್ನರ್ ಹೈಸೆನ್‌ಬರ್ಗ್, ಕಾರ್ಯಕಾರಣ ನಿಯಮ ಸೋತಿದೆ ಎಂದೇ ಬರೆದರು.

ಇಬ್ಬರಲ್ಲಿ ಯಾರು ಸರಿ? ಇದನ್ನು ತಿಳಿಯಲು 1934ರಲ್ಲಿ ಗ್ರೇಟೆ ಹರ್ಮನ್ ಹೈಸೆನ್‌ಬರ್ಗರೊಡನೆ ಚರ್ಚಿಸಲು ಲೈಪ್‌ಸಿಗ್‌ಗೆ ಬಂದರು. ಆಕೆ ಪ್ರಸಿದ್ಧ ಗಣಿತಜ್ಞೆ ಎಮ್ಮಿ ನೋದರ್ ಅವರ ಶಿಷ್ಯೆ. ಕಾಂಟ್ ಪರಂಪರೆಯ ಚಿಂತಕಿ. ಮರುವರ್ಷ ಪ್ರಕಟವಾದ ಪ್ರಬಂಧದಲ್ಲಿ ಅವರು ಹೊಸ ಉತ್ತರ ನೀಡಿದರು.

ಒಂದು ಫೋಟಾನ್ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಛಾಯಾಫಲಕದ ಮೇಲೆ ಚುಕ್ಕೆ ಮೂಡಿಸಿತು ಎನ್ನೋಣ. ಚುಕ್ಕೆ ಎಲ್ಲಿ ಮೂಡುವುದೆಂದು ಮೊದಲೇ ಹೇಳಲಾಗದು. ಮೂಡಿದ ಮೇಲೆ ಮಾತ್ರ, ಅದರಿಂದ ಹಿಂದಕ್ಕೆ ಸಾಗಿ ಡಿಕ್ಕಿಯವರೆಗಿನ ಕಾರಣಗಳ ಸರಪಳಿಯನ್ನು ಜೋಡಿಸಬಹುದು. ಈ ವಿವರಣೆ ಆ ಒಂದು ವೀಕ್ಷಣೆಗಷ್ಟೇ ಸಲ್ಲುತ್ತದೆ. ಎಂದರೆ, ಕಾರಣವಿರುವುದು ಬೇರೆ, ಮುನ್ಸೂಚನೆ ಸಾಧ್ಯವಾಗುವುದು ಬೇರೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಮಹತ್ವದ ಅಂಶವಿತ್ತು. ಮುನ್ಸೂಚನೆಯನ್ನು ಪೂರ್ಣಗೊಳಿಸಬಲ್ಲ 'ಗುಪ್ತ ಚರಗಳು' ಇರಲಾರವೆಂದು ಜಾನ್ ವಾನ್ ನ್ಯೂಮನ್ 1932ರಲ್ಲಿ ಗಣಿತದ ಮೂಲಕ ವಾದಿಸಿದ್ದರು. ಸಾಧಿಸಬೇಕಾದುದನ್ನೇ ಆ ವಾದ ಮೊದಲೇ ಒಪ್ಪಿಕೊಂಡಿದೆ ಎಂದು ಹರ್ಮನ್ ತೋರಿಸಿದರು. ಭೌತವಿಜ್ಞಾನಿಗಳಲ್ಲಿ ಹೆಚ್ಚಿನವರು ಇದನ್ನು ಗಮನಿಸಲಿಲ್ಲ. ಆ ವಾದದ ಇದೇ ಆಧಾರವನ್ನು ಜಾನ್ ಬೆಲ್ 1966ರಲ್ಲಿ ಪ್ರಶ್ನಿಸಿದರು. ಒಂದು ತಾತ್ತ್ವಿಕ ಪ್ರಶ್ನೆ ಗಣಿತದ ದೋಷವನ್ನು ಮೂರು ದಶಕ ಮೊದಲೇ ಬೆಳಕಿಗೆ ತಂದಿತ್ತು!

ಹರ್ಮನ್ ಕೊಟ್ಟ ಉತ್ತರವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಅವರು ಮಾಡಿದ ವಿಂಗಡಣೆ ಉಪಯುಕ್ತ. ತರಗತಿಯಲ್ಲಿ 'ಮುನ್ಸೂಚಿಸಲಾಗದು', 'ಕಾರಣವಿಲ್ಲ' ಎಂಬ ಎರಡು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬೇರೆ ಬೇರೆಯಾಗಿ ಬರೆಯಿರಿ. ಒಂದು ಪರಮಾಣುವಿನ ಮಟ್ಟದಲ್ಲಿ ಮೊದಲನೆಯದು ಪ್ರಯೋಗಗಳಲ್ಲಿ ಪದೇ ಪದೇ ಕಾಣುವ ಸಂಗತಿ. ಎರಡನೆಯದನ್ನು ನಿರ್ಧರಿಸಲು, 'ಕಾರಣ' ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.