ನಿಮಗಿದು ಗೊತ್ತೇ? ನೀವೆಲ್ಲಿದ್ದೀರಿ ಎಂಬುದು ಯಾರಿಗೆಲ್ಲ ಗೊತ್ತು?

ಜಿಪಿಎಸ್ ಉಪಗ್ರಹಗಳಿಗೆ ನೀವು ಎಲ್ಲಿದ್ದೀರಿ ಎಂಬುದು ತಿಳಿಯುವುದೇ ಇಲ್ಲ! ಸುಮಾರು 20,200 ಕಿ.ಮೀ. ಎತ್ತರದಿಂದ ಅವು ಸಂಕೇತ ಬಿತ್ತರಿಸುತ್ತಾ ಹೋಗುತ್ತವೆ, ಅಷ್ಟೇ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಲೆಕ್ಕ ಹಾಕಿ ಜಾಗ ಕಂಡುಕೊಳ್ಳುವುದು ನಿಮ್ಮ ಫೋನು. ಅದನ್ನು ಊರಿಗೆಲ್ಲ ಹಂಚುವುದು ಫೋನಿನೊಳಗಿನ ಆಪ್‌ಗಳು, ಅದೂ ನಾವೇ ಒತ್ತಿದ ‘ಅನುಮತಿಸಿ’ ಗುಂಡಿಯ ಬಲದಿಂದ.

ಕೀಪ್ಯಾಡ್ ಫೋನ್ ಇಟ್ಟುಕೊಂಡವರು ಪಾರಾದರೇ? ಪೂರ್ತಿ ಇಲ್ಲ. ನಿಮಗೆ ಕರೆ ಬಂದಾಗ ಫೋನ್ ರಿಂಗಾಗಬೇಕಾದರೆ ನೀವು ಯಾವ ಟವರ್‌ಗಳ ವ್ಯಾಪ್ತಿಯಲ್ಲಿದ್ದೀರಿ ಎಂಬುದು ಮೊಬೈಲ್ ಕಂಪನಿಗೆ ಗೊತ್ತಿರಲೇಬೇಕು. ಜರ್ಮನಿಯ ಗ್ರೀನ್ ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಜ್ ಕೋರ್ಟಿನವರೆಗೂ ಹೋಗಿ ತಮ್ಮ ಆರು ತಿಂಗಳ ದಾಖಲೆಯನ್ನು ಕಂಪನಿಯಿಂದ ಪಡೆದುಕೊಂಡರು. ಅದರಲ್ಲಿದ್ದದ್ದು 35,830 ಸಾಲುಗಳು. 2011ರಲ್ಲಿ ಸುದ್ದಿತಾಣ ‘ಝೈಟ್ ಆನ್‌ಲೈನ್’ ಅದನ್ನೆಲ್ಲ ನಕ್ಷೆಯ ಮೇಲೆ ಓಡಿಸಿ ತೋರಿಸಿತು. ಅವರು ರೈಲು ಹತ್ತಿದ್ದು, ದಾರಿಯಲ್ಲಿ ಕರೆ ಮಾಡಿದ್ದು, ರಾತ್ರಿ ತಂಗಿದ್ದು ಎಲ್ಲವೂ ಅಲ್ಲಿತ್ತು.

‘ಹೆಸರು, ನಂಬರು ತೆಗೆದೇ ಮಾಹಿತಿ ಇಟ್ಟುಕೊಳ್ಳುತ್ತೇವೆ’ ಎಂಬ ಭರವಸೆ ಕೇಳಿದ್ದೀರಲ್ಲವೇ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆ ಪರೀಕ್ಷಿಸಿತು. ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ಬಿಂದುಗಳು ಸಿಕ್ಕರೆ ಸಾಕು, ಶೇ. 95ರಷ್ಟು ಮಂದಿಯನ್ನು ಆ ಗುಂಪಿನಿಂದ ಬೇರೆಯಾಗಿ ಗುರುತಿಸಬಹುದು ಎಂದು ಗೊತ್ತಾಯಿತು. ಯೋಚಿಸಿದರೆ ಸಹಜವೇ. ರಾತ್ರಿಯಿಡೀ ಫೋನ್ ಕದಲದೆ ಇರುವ ಜಾಗ ಮನೆ, ಹಗಲಿಡೀ ಇರುವ ಜಾಗ ಕಚೇರಿ. ಇವೆರಡೂ ನಿಮ್ಮವುಗಳಂತೆಯೇ ಇರುವವರು ಮತ್ತೆಷ್ಟು ಮಂದಿ?

ಕತ್ತಲೆಯಲ್ಲಿ ಬೆಳಕು ಕೊಡುವ ಟಾರ್ಚ್ ಆಪ್‌ಗೆ ನಿಮ್ಮ ಊರು ಯಾಕೆ ಬೇಕು? ಕೋಟಿಗಟ್ಟಲೆ ಜನ ಹಾಕಿಕೊಂಡಿದ್ದ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಆಪ್ ಬಳಕೆದಾರರ ಸ್ಥಳವನ್ನು ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ದೂರು ದಾಖಲಿಸಿತು. ಒಪ್ಪಿಗೆಯೋ ನಿರಾಕರಣೆಯೋ ಎಂದು ಕೇಳುವ ಪರದೆ ಇತ್ತು ನಿಜ. ಆದರೆ ಬಳಕೆದಾರರು ಉತ್ತರಿಸುವ ಮೊದಲೇ ಮಾಹಿತಿ ಹೊರಟಾಗಿರುತ್ತಿತ್ತು.

ಸೈನಿಕರ ಬೆಳಗಿನ ಓಟವೇ ಸೇನಾ ನೆಲೆಯ ಗುಟ್ಟು ರಟ್ಟು ಮಾಡಿತು. ವ್ಯಾಯಾಮದ ಆಪ್ ‘ಸ್ಟ್ರಾವಾ’ ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ್ದ ವಿಶ್ವನಕ್ಷೆಯಲ್ಲಿ, ಅಫ್ಘಾನಿಸ್ತಾನ, ಸಿರಿಯಾಗಳ ನಿರ್ಜನ ಜಾಗಗಳಲ್ಲಿ ಹೊಳೆಯುವ ಗೆರೆಗಳು ಕಂಡವು. 2018ರ ಜನವರಿಯಲ್ಲಿ ಇದನ್ನು ಮೊದಲು ಪತ್ತೆಹಚ್ಚಿದ್ದು ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ.

‘ನಾನೇನು ಕಳ್ಳನೇ? ಮುಚ್ಚಿಡುವಂಥದ್ದು ನನ್ನಲ್ಲೇನಿದೆ?’ ಎನ್ನುವವರು ಬಹಳ. ಪ್ರಾಮಾಣಿಕರ ಮಾತೇ ಅದು. ಆದರೆ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬಂದವರು, ಮನೋವೈದ್ಯರನ್ನು ಕಂಡವರು, ವಿಚ್ಛೇದನಕ್ಕೆ ವಕೀಲರ ಮನೆ ಬಾಗಿಲು ತಟ್ಟಿದವರು, ಇನ್ನೊಂದು ಕೆಲಸದ ಇಂಟರ್‌ವ್ಯೂಗೆ ಹೋದವರು ಯಾರೂ ಕಳ್ಳರಲ್ಲ. ಆ ಸಂಗತಿಯನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದು ಅವರಿಗೆ ಸೇರಿದ್ದು. ಸ್ಥಳದ ದಾಖಲೆ ಆ ಹಕ್ಕನ್ನೇ ಕಿತ್ತುಕೊಳ್ಳುತ್ತದೆ.

ಈ ಹಕ್ಕಿಗೆ ದೇಶದ ಅತ್ಯುನ್ನತ ಮುದ್ರೆ ಬಿದ್ದದ್ದು ಒಬ್ಬ ಕನ್ನಡಿಗರ ಹೆಸರಿನ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು.

ಅದಾಗಿ ಮೂರೇ ವರ್ಷದೊಳಗೆ ಕೊರೊನಾ ಬಂತು. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ರಾಜ್ಯ ಸರ್ಕಾರ, ಹೋಂ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಆದೇಶಿಸಿದ್ದು ನೆನಪಿದೆಯೇ? ಚಿತ್ರದ ಜೊತೆಗೆ ಜಾಗದ ಅಕ್ಷಾಂಶ, ರೇಖಾಂಶವೂ ಹೋಗುತ್ತಿತ್ತು. ರೋಗದ ಭಯದಲ್ಲಿ ನಾವು ಹೆಚ್ಚು ಪ್ರಶ್ನೆ ಕೇಳಲಿಲ್ಲ. ಕೇಳಬೇಕಿತ್ತು. 2021ರ ಜನವರಿಯಲ್ಲಿ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಕರ್ನಾಟಕ ಹೈಕೋರ್ಟ್ ಪೀಠ, ಕೊರೊನಾ ಸಂಪರ್ಕ ಪತ್ತೆಗೆಂದು ಬಂದಿದ್ದ ಆರೋಗ್ಯ ಸೇತು ಆಪ್‌ನ ಮಾಹಿತಿಯನ್ನು ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚಿಕೊಳ್ಳದಂತೆ ಮಧ್ಯಂತರ ಆದೇಶ ನೀಡಿತು. ಅದೇ ಓಕಾ ಅವರು ಮುಂದೆ ಸುಪ್ರೀಂ ಕೋರ್ಟಿಗೆ ಹೋದರು. ಜಾಮೀನು ಸಿಕ್ಕ ಆರೋಪಿ ತನಿಖಾಧಿಕಾರಿಗೆ ಕಾಣುವಂತೆ ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿಡಬೇಕು ಎಂಬ ಷರತ್ತನ್ನು 2024ರ ಜುಲೈ 8ರಂದು ರದ್ದು ಮಾಡಿದ್ದು ಅವರ ಪೀಠವೇ. ಆರೋಪಿಗೂ ಇರುವ ಹಕ್ಕು ನಮಗಿಲ್ಲವೇ?

ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್‌ಗೆ ಇರುವುದು ಮೂರು ಅವಧಿ: 15 ನಿಮಿಷ, 1 ಗಂಟೆ, 8 ಗಂಟೆ. ಅವಧಿ ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆ. ರಾತ್ರಿ ಕ್ಯಾಬ್ ಹತ್ತಿದ ಮಗಳು ತಾನಾಗಿ ಲೊಕೇಶನ್ ಕಳಿಸಿದರೆ ಅದು ನಂಬಿಕೆ. ಅವಳಿಗೆ ತಿಳಿಯದಂತೆ ಬ್ಯಾಗಿನಲ್ಲಿ ಟ್ರ್ಯಾಕರ್ ಇಟ್ಟರೆ ಅದು ಪಹರೆ. ಕಾಳಜಿಯಿಂದ ಇಟ್ಟರೂ ಅದು ತಪ್ಪೇ. ಬೇರೊಬ್ಬರ ಏರ್‌ಟ್ಯಾಗ್ ಟ್ರ್ಯಾಕರ್ ನಿಮ್ಮ ಜೊತೆಗೇ ಸಾಗುತ್ತಿದ್ದರೆ ಐಫೋನ್ ಮಾತ್ರವಲ್ಲ, ಆಂಡ್ರಾಯ್ಡ್ ಫೋನ್ ಕೂಡ ಎಚ್ಚರಿಸುತ್ತದೆ.

ಫೋಟೋದೊಳಗೂ ವಿಳಾಸವಿರಬಹುದು. ಕ್ಯಾಮೆರಾಗೆ ಲೊಕೇಶನ್ ಅನುಮತಿ ಇದ್ದರೆ ತೆಗೆದ ಜಾಗ ಚಿತ್ರದ ಕಡತದಲ್ಲೇ ಕೂರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿದೇ ಹೋಗುತ್ತದೆ. ಮಕ್ಕಳ ಚಿತ್ರ ಕಳಿಸುವಾಗ ಇದು ನೆನಪಿರಲಿ.

ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳಲ್ಲಿ ನಿಖರ ಸ್ಥಳ ಬೇಡ, ಅಂದಾಜು ಸಾಕು ಎಂದು ಆಯ್ದುಕೊಳ್ಳಬಹುದು. ಹವಾಮಾನದ ಆಪ್‌ಗೆ ಅಂದಾಜೇ ಧಾರಾಳ. ಕ್ಯಾಬ್‌ಗೆ ನಿಖರ ಬೇಕು, ಅದೂ ಬಳಸುವಾಗ ಮಾತ್ರ. ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು ‘ಯಾವಾಗಲೂ’ ಎಂಬ ಪಟ್ಟಿಯಲ್ಲಿ ಯಾವ ಆಪ್‌ಗಳಿವೆ ನೋಡಿ, ಬೇಡದವನ್ನು ತೆಗೆಯಿರಿ. ಮನೆಯ ಹಿರಿಯರ ಫೋನಿನಲ್ಲೂ ಇದನ್ನು ಮಾಡಿಕೊಡಿ, ಅವರನ್ನು ಕೇಳಿ, ಅವರ ಎದುರಿಗೇ.